ಅತ್ತೆಯ ಕಾಲ್ದೆಸೆಯ ಕನ್ನಡಿ

ಗೋಡೆಗೆ ಕನ್ನಡಿ ಅಂಟಿಸಬೇಕೆಂದು ಬರುವವರು ಸಾಮಾನ್ಯವಾಗಿ ಒಂದೇ ಮಾತು ಕೇಳುತ್ತಾರೆ: ಬೀಳದ ಹಾಗೆ ಏನು ಹಚ್ಚಬೇಕು? ಹೊಲಿಗೆಯಕ್ಕ ಹಾಗೆ ಕೇಳಲಿಲ್ಲ. ಕಿತ್ತರೂ ಬಾರದ ಹಾಗೆ ಏನು ಹಚ್ಚಬೇಕು ಎಂದು ಕೇಳಿದಳು. ಹಾರ್ಡ್‌ವೇರ್ ಅಂಗಡಿಯವನು ತೂಗುತ್ತಿದ್ದ ಮೊಳೆಗಳನ್ನು ತಕ್ಕಡಿಯಲ್ಲೇ ಬಿಟ್ಟು ತಲೆಯೆತ್ತಿದ.

"ಎರಡೂ ಒಂದೇ ಅಲ್ವೇನಕ್ಕಾ?"

"ಹೇಗೆ ಒಂದೇ ಆಗುತ್ತೆ? ಬೀಳೋದು ಅದಾಗಿ ಅದು. ಕೀಳೋದು ಮನುಷ್ಯರು."

"ಹಾಗಾದ್ರೆ ನಾಲ್ಕು ಮೂಲೆಗೂ ಕ್ಲಿಪ್ ಇಟ್ಟು ಸ್ಕ್ರೂ ಹೊಡೀರಿ. ಅಲ್ಲಾಡಲ್ಲ."

"ಸ್ಕ್ರೂ ಬೇಡವೇ ಬೇಡ. ನಮ್ಮನೆಯವರು ಬಸ್ ಡಿಪೋದಲ್ಲಿರೋದು. ಕೈಗೊಂದು ಪಾನಾ ಸಿಕ್ಕಿದ್ರೆ ಸಾಕು, ಇಡೀ ಬಸ್ಸನ್ನೇ ಬಿಚ್ಚಿ ಹರಡ್ತಾರೆ."

ಸ್ವಂತ ಗಂಡನ ಕೈಗೆ ಸಿಗಬಾರದಂಥ ಕನ್ನಡಿ ಯಾವುದಪ್ಪಾ ಎಂದು ಅಂಗಡಿಯವನಿಗೆ ಅನ್ನಿಸಿರಬೇಕು. ಆದರೆ ಗಿರಾಕಿಯ ಮನೆ ಸುದ್ದಿ ತನಗೇಕೆಂದು ಅವನು ಮೇಜಿನ ಮೇಲೆ ಒಂದೊಂದೇ ಅಂಟು ಜೋಡಿಸತೊಡಗಿದ. ಎರಡೂ ಬದಿ ಅಂಟಿಕೊಳ್ಳುವ ಟೇಪು ಮೊದಲು ಬಂತು. ಅದು ಅಂಗೈಯಗಲದ ಕನ್ನಡಿಗೆ ಸರಿ, ಆಳುದ್ದದ್ದಕ್ಕೆ ಕೆಲಸಕ್ಕೆ ಬಾರದು, ಬಿಸಿಲು ಬಿದ್ದರೆ ಸೋತುಹೋಗುತ್ತದೆ ಎಂದು ಅವನೇ ಅದನ್ನು ಪಕ್ಕಕ್ಕೆ ಸರಿಸಿದ. ಆಮೇಲೆ ಒಂದು ಉದ್ದನೆಯ ಸಿಲಿಕಾನ್ ಟ್ಯೂಬಿನ ಮೂತಿ ಬಿಚ್ಚಿ ಅವಳ ಮೂಗಿನ ಹತ್ತಿರ ಹಿಡಿದ. ವಿನೆಗರ್ ಹಾಗೆ ಘಮ್ಮೆಂದು ಹುಳಿ ವಾಸನೆ ಹೊಡೆಯಿತು.

"ಇದು ಹಿಡಿದ್ರೆ ಬಿಡಲ್ಲ. ಮೀನು ಸಾಕೋ ಗಾಜಿನ ತೊಟ್ಟಿಗೆಲ್ಲ ಇದೇ. ಆದ್ರೆ ಕನ್ನಡಿಗೆ ಹಾಕ್ಬಾರ್ದು. ಈ ಹುಳಿ ಇದ್ಯಲ್ಲ, ಕನ್ನಡಿ ಬೆನ್ನಿನ ರಸಾನೇ ತಿಂದು ಹಾಕುತ್ತೆ. ಸ್ವಲ್ಪ ದಿನ ಹೋದ್ರೆ ಮುಖದ ಮೇಲೆಲ್ಲ ಕಪ್ಪು ಮಚ್ಚೆ."

"ಅಯ್ಯೋ ಬೇಡ ಬೇಡ. ಮುಖ ಸ್ವಚ್ಛ ಕಾಣ್ಬೇಕು. ಒಂದು ಸುಕ್ಕೂ ತಪ್ಪಬಾರ್ದು."

"ಹಾಗಾದ್ರೆ ವಾಸನೆ ಇಲ್ಲದ್ದು ತಗೊಳ್ಳಿ. ರಸಕ್ಕೆ ಏನೂ ಆಗಲ್ಲ. ಒಣಗಿದ ಮೇಲೆ ಕಿತ್ತರೆ ಗಾರೆ ಬರ್ಬೇಕೇ ಹೊರತು ಕನ್ನಡಿ ಬರಲ್ಲ. ಆದ್ರೆ ಒಂದು ಮಾತು. ಇದು ಗಾಳಿ ಕುಡಿದೇ ಒಣಗೋದು. ಮೇಲಿಂದ ಕೆಳಗೆ ಗೆರೆ ಗೆರೆ ಎಳೀರಿ, ನಡುವೆ ಜಾಗ ಬಿಡಿ. ಗೋಡೆಗೆ ಗಾರೆ ಬಳಿದ ಹಾಗೆ ಬಳಿಯೋಕೆ ಹೋಗ್ಬೇಡಿ. ಒಣಗೋವರೆಗೂ ಎರಡು ಕಡೆಯಿಂದ್ಲೂ ಸಮನಾಗಿ ಒತ್ತಿಡಿ. ಒಂದು ಟ್ಯೂಬ್ ಧಾರಾಳ ಆಯ್ತು."

"ನಾಲ್ಕು ಕೊಡಿ," ಎಂದಳು ಹೊಲಿಗೆಯಕ್ಕ.

ಹೊಲಿಗೆಯಕ್ಕ ಎನ್ನುವುದು ಬೀದಿಯವರು ಇಟ್ಟ ಹೆಸರು. ಮೂಲೆಯ ರೆಡಿಮೇಡ್ ಬಟ್ಟೆಯಂಗಡಿಯಿಂದ ಅವಳ ಮನೆಗೆ ಗಂಟು ಬರುತ್ತಿತ್ತು. ಪ್ಯಾಂಟಿನ ಉದ್ದ ಮಡಚುವುದು, ಜಿಪ್ ಬದಲಿಸುವುದು, ತೆಳ್ಳಗಾದವರ ಸೊಂಟ ಹಿಡಿಯುವುದು, ದಪ್ಪಗಾದವರ ಸೊಂಟ ಬಿಡುವುದು, ಇದೇ ಅವಳ ಕಸುಬು. ಹೊಲಿಗೆ ಮೆಷಿನ್ ಇದ್ದದ್ದು ಅಡುಗೆಮನೆಯ ಕಿಟಕಿಯ ಕೆಳಗೆ. ಮುಂದಿನ ಕೋಣೆಯಲ್ಲಿ ಅದರ ಗಡಗಡ ಕೇಳಬಾರದೆಂದು ಅತ್ತೆ ಹಾಕಿದ ಅಪ್ಪಣೆ ಅದು. ಬಟ್ಟೆಯಂಗಡಿಯವರು ಬಟ್ಟೆ ಹಾಕಿ ನೋಡುವ ಕೋಣೆಗೆ ಹೊಸ ಕನ್ನಡಿ ತರಿಸಿದಾಗ ಹಳೆಯದನ್ನು ಇವಳಿಗೆ ಕೊಟ್ಟುಬಿಟ್ಟಿದ್ದರು. ಆಳುದ್ದದ, ಒಂದು ಗೀರೂ ಇಲ್ಲದ ಕನ್ನಡಿ. ಮನೆಗೆ ತಂದು ಅದರ ಮುಖ ಗೋಡೆಯ ಕಡೆ ಮಾಡಿ ನಿಲ್ಲಿಸಿದ್ದಳು.

ಅತ್ತೆಯ ಕಥೆ ಹೇಳದೆ ಆ ಕನ್ನಡಿಯ ಕಥೆ ಹೇಳಲಾಗದು. ವಯಸ್ಸಿನಲ್ಲಿ ಅತ್ತೆ ಟಾಕೀಸಿನಲ್ಲಿ ಟಿಕೆಟ್ ಕೊಡುತ್ತಿದ್ದವಳು. ಸಿನಿಮಾ ಹೇಗೇ ಇರಲಿ, ಕಿಟಕಿಯೊಳಗಿನ ಮುಖ ನೋಡಲೆಂದೇ ಜನ ಸಾಲು ನಿಲ್ಲುತ್ತಿದ್ದರು ಎಂದು ಆಕೆ ತಾನೇ ಹೇಳಿಕೊಳ್ಳುತ್ತಿದ್ದಳು. ಸುಳ್ಳೇನೂ ಅಲ್ಲ, ಚೆಲುವೆ ನಿಜ. ಅಂಥವಳ ಮಗ ಕಟ್ಟಿಕೊಂಡು ಬಂದದ್ದು ಉಬ್ಬುಹಲ್ಲಿನ ಹುಡುಗಿಯನ್ನು. ಸೊಸೆ ಹೊಸಿಲು ದಾಟಿ ಒಳಗೆ ಬಂದು ನಕ್ಕದ್ದೇ ತಡ, ಅತ್ತೆ ಬಂಧುಗಳ ಎದುರಿಗೇ, "ಕುದುರೆ ತಂದಿದ್ದಾನೆ ನನ್ನ ಮಗ!" ಎಂದಳು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಅವತ್ತಿನಿಂದ ಸೊಸೆ ಬಾಯಿ ಮುಚ್ಚಿಕೊಂಡೇ ನಗುವುದನ್ನು ಕಲಿತಳು, ಆಮೇಲೆ ನಗುವುದನ್ನೇ ಬಿಟ್ಟಳು. ಅತ್ತೆಯ ಬಾಯಲ್ಲಿ ಮಾತ್ರ ಅವಳಿಗೆ ಕುದುರೆಯೆಂಬ ಹೆಸರೇ ಖಾಯಂ ಆಯಿತು.

ಅದೇ ವಾರ ಮನೆಯಲ್ಲಿದ್ದ ಒಂದೇ ಕನ್ನಡಿ ಅತ್ತೆಯ ಬೀರು ಸೇರಿತು. "ಈ ಮೋರೆ ನೋಡ್ಕೊಳ್ಳೋಕೆ ಕನ್ನಡಿ ಬೇರೆ ಕೇಡು," ಎಂದು ಬೀಗ ಹಾಕಿ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಹೊಲಿಗೆಯಕ್ಕ ತಟ್ಟೆಯ ಬೆನ್ನಿನಲ್ಲಿ ಮುಖ ನೋಡಿಕೊಂಡು ತಲೆ ಬಾಚಿದಳು, ಒಂದೆರಡು ದಿನವಲ್ಲ, ಕಿವಿಯ ಮೇಲೆ ಬಿಳಿ ಕೂದಲು ಬರುವ ತನಕ. ಇಷ್ಟು ಸಾಲದೆಂಬಂತೆ, ಸೊಸೆ ಬಾಗಿಲು ಹಾಕಿಕೊಂಡು ಕದ್ದು ತಿನ್ನುತ್ತಾಳೆಂದು ಅತ್ತೆ ಅಡುಗೆಮನೆಯ ಬಾಗಿಲನ್ನೇ ಕೀಳಿಸಿದಳು. ಮಗ ಪಾನಾ ಹಿಡಿದು ಬಂದು ತಿರುಪು ಬಿಚ್ಚಿ ಬಾಗಿಲು ಹೊತ್ತುಕೊಂಡು ಹೋದ. ಅಮ್ಮ ಹೇಳಿದ್ದನ್ನು ಬಿಚ್ಚುವುದು, ಅಮ್ಮ ಹೇಳಿದ್ದನ್ನು ಸೇರಿಸುವುದು, ಅದರಾಚೆಗೆ ಅವನ ತಲೆ ಓಡುತ್ತಿರಲಿಲ್ಲ. ಕೆಟ್ಟವನಲ್ಲ, ಆದರೆ ಅಂಥ ಒಳ್ಳೆಯತನದಿಂದ ಹೆಂಡತಿಗೆ ಮೂರು ಕಾಸಿನ ಪ್ರಯೋಜನವಿರಲಿಲ್ಲ.

ಹೀಗಿರುವಾಗ ಅತ್ತೆಗೆ ಲಕ್ವ ಹೊಡೆಯಿತು. ಒಂದು ಬೆಳಿಗ್ಗೆ ತಲೆ ಬಾಚುತ್ತಿದ್ದವಳು ಬಾಚಣಿಗೆ ಕೈಯಲ್ಲಿರುವಂತೆಯೇ ಕುಸಿದಳು. ಆಸ್ಪತ್ರೆಯಿಂದ ಬಂದಾಗ ಮುಖದ ಒಂದು ಅರ್ಧ ಜೋತುಬಿದ್ದಿತ್ತು, ಬಾಯಿ ಕಿವಿಯ ಕಡೆಗೆ ಎಳೆದುಕೊಂಡಿತ್ತು, ಎಡಗೈಯೊಂದು ಬಿಟ್ಟು ಉಳಿದ ಮೈಯೆಲ್ಲ ಮರದ ಕೊರಡು. ಮುಂದಿನ ಕೋಣೆ ಕಿರಿದು. ಒಂದು ಕಡೆ ಗೋಡೆ, ಇನ್ನೊಂದು ಕಡೆ ಬೀರು, ಮಂಚವನ್ನು ಒಂದೇ ರೀತಿ ಹಾಕಲು ಜಾಗ. ತಲೆ ಅಡುಗೆಮನೆಯ ಕಡೆಗೆ, ಕಾಲು ಖಾಲಿ ಗೋಡೆಯ ಕಡೆಗೆ; ಅಡುಗೆಮನೆಯ ಹೊಸಿಲು ತಲೆಗೆ ನೇರವಾಗಿರದೆ ಸ್ವಲ್ಪ ಪಕ್ಕಕ್ಕಿತ್ತು. ಕುತ್ತಿಗೆ ತಿರುಗುವಂತಿರಲಿಲ್ಲವಾದ್ದರಿಂದ ಅತ್ತೆಗೆ ಕಾಣುತ್ತಿದ್ದದ್ದು ಆ ಖಾಲಿ ಗೋಡೆ ಮಾತ್ರ. ಮಾತು ನಿಂತುಹೋಗಿತ್ತು. ಏನಾದರೂ ಬೇಕಾದರೆ ಎಡಗೈಯಲ್ಲಿ ಚಮಚ ಹಿಡಿದು ಲೋಟಕ್ಕೆ ಬಡಿಯುತ್ತಿದ್ದಳು.

ಬಾಗಿಲಿಲ್ಲದ ಆ ಅಡುಗೆಮನೆ ಅವತ್ತಿನಿಂದ ಹೊಲಿಗೆಯಕ್ಕನ ರಾಜ್ಯವಾಯಿತು. ಅತ್ತೆಯ ತಲೆಯ ಹಿಂದೆ ಅವಳು ಮಾಡಿದ್ದೇ ಆಟ. ಮದುವೆಯಾದ ಮೇಲೆ ಮೊದಲ ಸಲ ಕಾಲು ಚಾಚಿ ಕೂತು ಉಂಡಳು. ಚಹಾಕ್ಕೆ ಸಕ್ಕರೆ ಸುರಿದುಕೊಂಡಳು. ಲೋಟದ ಸದ್ದು ಕೇಳಿದರೂ ಕೇಳದ ಹಾಗೆ ಒಂದು ಪ್ಯಾಂಟಿನ ಹೊಲಿಗೆ ಮುಗಿಸಿಯೇ ಏಳುತ್ತಿದ್ದಳು. ಬೇಸರವಾದಾಗ ಬಾಯಿಯನ್ನು ಕಿವಿಯ ಕಡೆಗೆ ಎಳೆದು, ಒಂದು ಕಣ್ಣು ಜೋಲಿಸಿ, ಚಮಚ ಬಡಿಯುವ ನಟನೆ ಮಾಡಿ ಅತ್ತೆಯನ್ನು ಅಣಕಿಸುತ್ತಿದ್ದಳು. ಯಾರೂ ನೋಡದ ಆ ಜಾಗ ಅವಳಿಗೆ ಪ್ರಾಣವಾಗಿತ್ತು. ಬುದ್ಧಿಯಿದ್ದಿದ್ದರೆ ಅಷ್ಟಕ್ಕೇ ತೃಪ್ತಿಪಟ್ಟುಕೊಂಡು ಸುಮ್ಮನಿರಬಹುದಿತ್ತು.

ಆದರೆ ಅತ್ತೆಗೆ ಮಾತು ಬಂದುಬಿಟ್ಟಿತು, ಒಂದೇ ಒಂದು ಮಾತು. ಬಂಧುಗಳು ನೋಡಲು ಬಂದಿದ್ದಾಗ ಸೊಸೆ ಗಂಜಿಯ ಬಟ್ಟಲು ಹಿಡಿದು ಬಂದಳು. ಅತ್ತೆಯ ಸೊಟ್ಟ ತುಟಿ ಅಲುಗಿತು. ಮಗ ಬಾಗಿ ಕಿವಿಗೊಟ್ಟ. ತನ್ನ ಹೆಸರು ಬರುತ್ತದೆಂದು ಕಾದಿದ್ದನೋ ಏನೋ.

"ಕು... ಕುದುರೆ," ಎಂದಳು ಅತ್ತೆ.

ಮನೆಗೆ ಮನೆಯೇ ಚಪ್ಪಾಳೆ ತಟ್ಟಿತು. ಮಗ ಸಂತೋಷದಿಂದ ಗಳಗಳ ಅತ್ತ. "ಎಷ್ಟು ಸ್ಪಷ್ಟವಾಗಿ ಅಂದ್ಲು ನೋಡ್ರಿ! ಇನ್ನೊಂದ್ಸಲ ಅನ್ನಮ್ಮಾ!" ಎಂದ. ಅತ್ತೆ ಮತ್ತೆ ಅಂದಳು. ಸೊಸೆ ಬಟ್ಟಲು ಹಿಡಿದು ನಡುವೆ ನಿಂತಿದ್ದಳು, ಮದುವೆಯ ದಿನ ನಿಂತ ಹಾಗೆಯೇ. ಮೈಯೆಲ್ಲ ಉರಿದುಹೋಯಿತು. ಗೋಡೆಗೆ ಮುಖ ಮಾಡಿ ನಿಂತಿದ್ದ ಆ ಕನ್ನಡಿ ನೆನಪಾದದ್ದು ಆಗಲೇ.

ಲಕ್ವ ಹೊಡೆದಂದಿನಿಂದ ಅತ್ತೆ ತನ್ನ ಮುಖ ನೋಡಿಕೊಂಡಿರಲಿಲ್ಲ. "ಏನೂ ಆಗಿಲ್ಲ ಬಿಡಮ್ಮಾ, ಹಾಗೇ ಇದ್ದೀಯ," ಎಂದು ಮಗ ದಿನವೂ ಹೇಳುತ್ತಿದ್ದ, ಆಕೆ ನಂಬಿದ್ದಳು. ಆ ನಂಬಿಕೆಯನ್ನು ಕಾಲ್ದೆಸೆಯ ಗೋಡೆಯ ಮೇಲೆ ಮುರಿಯಬೇಕು, ಹಗಲೆಲ್ಲ ಬೇರೇನೂ ಕಾಣದ ಹಾಗೆ ಆ ಮುಖವನ್ನು ಆಕೆಯ ಎದುರಿಗೆ ನಿಲ್ಲಿಸಬೇಕು, ಮಗ ಬಂದು ಬಿಚ್ಚಲೂಬಾರದು. ಹೊಲಿಗೆಯಕ್ಕನಿಗೆ ಬೇಕಾದದ್ದು ಇಷ್ಟೇ. ಇದರಲ್ಲಿ ದಯೆಯ ಹನಿಯೂ ಇರಲಿಲ್ಲ, ಇತ್ತೆಂದು ಅವಳು ಆಮೇಲೂ ಹೇಳಿಕೊಳ್ಳಲಿಲ್ಲ.

ಗಂಡ ಡಿಪೋಗೆ ಹೋದ ಮೇಲೆ ಕೆಲಸಕ್ಕೆ ಕೈ ಹಾಕಿದಳು. ಗೋಡೆಯ ಬುಡದಲ್ಲಿ ಕನ್ನಡಿ ಕೂರಲು ಒಂದು ಮರದ ಪಟ್ಟಿ ಹೊಡೆದಳು. ಕನ್ನಡಿಯ ಬೆನ್ನ ಮೇಲೆ ಮೊದಲ ಟ್ಯೂಬಿನಿಂದ ಗೆರೆ ಎಳೆದಳು, ಅಂಗಡಿಯವನು ಹೇಳಿದ ಹಾಗೆಯೇ, ನೆಟ್ಟಗೆ, ಹೊಲಿಗೆ ಹಾಕಿದಷ್ಟು ಅಚ್ಚುಕಟ್ಟಾಗಿ. ಗೆರೆಗಳ ನಡುವಿನ ಖಾಲಿ ಜಾಗದ ಮೇಲೆ ಬೆರಳಾಡಿಸಿದಳು. ಇಲ್ಲೆಲ್ಲ ಹಿಡಿತವಿಲ್ಲವಲ್ಲ! ಇಲ್ಲಿ ಉಳಿ ತೂರಿಸಿದರೆ? ಗಂಡ ಎಂಥ ಕಿಲಾಡಿ, ಎಂಥ ತುಕ್ಕು ಹಿಡಿದ ಬೋಲ್ಟನ್ನೂ ಎಬ್ಬಿಸುವವನು! ಎರಡನೆಯ ಟ್ಯೂಬು ಬಿಚ್ಚಿದಳು, ಮೂರನೆಯದು ಬಿಚ್ಚಿದಳು, ನಾಲ್ಕನ್ನೂ ಸುರಿದು ಸಟ್ಟುಗದ ಬೆನ್ನಿನಿಂದ ಮೂಲೆಮೂಲೆಗೂ ಬಳಿದಳು. ಗಾಳಿ ಆಡಲು ಉಗುರಿನಷ್ಟೂ ಜಾಗ ಉಳಿಯಲಿಲ್ಲ.

ಕನ್ನಡಿಯನ್ನು ಎತ್ತಿ ಗೋಡೆಗೆ ಒತ್ತಿದಾಗ ಅವಳ ಮುಖ ಅವಳ ಮುಖಕ್ಕೇ ಎದುರಾಯಿತು. ಇಷ್ಟು ಹತ್ತಿರದಿಂದ, ಇಷ್ಟು ಬೆಳಕಿನಲ್ಲಿ ತನ್ನನ್ನು ತಾನು ನೋಡಿಕೊಂಡು ಯಾವ ಕಾಲವಾಗಿತ್ತೋ. ಅತ್ತೆ ಸುಳ್ಳು ಹೇಳಿ ತನ್ನನ್ನು ಹಣಿದಳೆಂದು ಇಷ್ಟು ವರ್ಷ ಒಳಗೊಳಗೇ ಅಂದುಕೊಂಡಿದ್ದಳು. ತುಟಿ ಬಿಚ್ಚಿ ನೋಡಿದಳು. ಅತ್ತೆ ಸುಳ್ಳು ಹೇಳಿರಲಿಲ್ಲ. ಬೇಗ ಬಾಯಿ ಮುಚ್ಚಿಕೊಂಡು ಒತ್ತು ಕೊಡಲು ಹಲಗೆ ತಂದಳು. ಒಂದು ಕಡೆ ಮಂಚದ ಕಾಲು ಅಡ್ಡ ಬಂದಿತು, ಹಲಗೆ ಒಂದೇ ಅಂಚಿಗೆ ಆತುಕೊಂಡಿತು. ಇರಲಿ, ಇಷ್ಟು ಅಂಟಿದೆಯಲ್ಲ ಎಂದು ಹಾಗೇ ಬಿಟ್ಟಳು.

ಅತ್ತೆ ನಿದ್ದೆಯಿಂದೆದ್ದು ಕಣ್ಣು ಬಿಟ್ಟಳು. ಎದುರಿಗೆ ಯಾರೋ ಜೋತುಬಿದ್ದ ಮುದುಕಿ. ಚಮಚ ಎತ್ತಿದಳು, ಆ ಮುದುಕಿಯೂ ಎತ್ತಿದಳು. ಅಷ್ಟೇ, ಚಮಚ ಕೈಜಾರಿ ಬಿತ್ತು. ಸೊಟ್ಟ ಬಾಯಿಂದ ಬಂದದ್ದು ಅಳುವೋ ಕೂಗೋ ತಿಳಿಯದಂಥ ಸದ್ದು. ಹೊಲಿಗೆಯಕ್ಕ ಬೀರಿಗೆ ಒರಗಿ ನಿಂತು ಪೂರ್ತಿ ಕೇಳಿದಳು. "ಚೆನ್ನಾಗಿ ನೋಡ್ಕೊಳ್ಳಿ ಅತ್ತೆ. ಸಾಲು ನಿಂತಿದ್ದಾರಾ ಜನ?" ಎಂದಳು. ಅವಳ ಎದೆ ಹಗುರಾಗಿತ್ತು, ಅದನ್ನು ಮುಚ್ಚಿಡುವುದೇಕೆ? ಅವತ್ತು ಹೊಲಿಯುತ್ತಾ ಗುನುಗಿದಳು ಕೂಡ.

ಗಂಡ ಬಂದವನೇ ಬೆಚ್ಚಿಬಿದ್ದ. "ತಲೆ ಸರಿ ಇದೆಯಾ ನಿಂಗೆ? ಅಮ್ಮ ನೋಡ್ಕೊಂಡ್ರೆ ಏನಾಗ್ಬೇಕು?" ಎಂದು ಪಾನಾ ತಂದ. ಬಿಚ್ಚಲು ಏನೂ ಸಿಗಲಿಲ್ಲ. ಅಂಚಿನಲ್ಲಿ ಸ್ಕ್ರೂಡ್ರೈವರ್ ತೂರಿಸಲು ನೋಡಿದ, ಕಿರುಗುಟ್ಟಿತು. "ಎಬ್ಬಿಸಿದ್ರೆ ಒಡೆದು ಅಮ್ಮನ ಕಾಲ ಮೇಲೇ ಬೀಳುತ್ತೆ, ನೋಡ್ಕೊಳ್ಳಿ," ಎಂದಳು ಹೆಂಡತಿ. ಅವನು ಕೈಬಿಟ್ಟ. ಅತ್ತೆ ದಿನಗಟ್ಟಲೆ ಕಣ್ಣು ಮುಚ್ಚಿಕೊಂಡೇ ಮಲಗಿದಳು, ಗಂಜಿಗೂ ಬಾಯಿ ತೆರೆಯಲಿಲ್ಲ. ಹೊಲಿಗೆಯಕ್ಕನಿಗೆ ಬದುಕಿನಲ್ಲಿ ಅಷ್ಟು ಸೊಗಸಾದ ದಿನಗಳು ಹಿಂದೆಂದೂ ಬಂದಿರಲಿಲ್ಲ.

ಆದರೆ ಗಾಳಿ ಕಾಣದ ಅಂಟು ಒಣಗಿರಲೇ ಇಲ್ಲ. ಬೆಣ್ಣೆಯ ಹಾಗೆ ಮೆತ್ತಗೆ ಗೋಡೆಗೂ ಕನ್ನಡಿಗೂ ನಡುವೆ ಕೂತಿತ್ತು. ಹಲಗೆ ಆತುಕೊಂಡಿದ್ದ ಅಂಚಿನಲ್ಲಿ ದಿನದಿಂದ ದಿನಕ್ಕೆ ಹಿಂಡಿ ಹೊರಬಂತು, ಒತ್ತಿಲ್ಲದ ಅಂಚಿನಲ್ಲಿ ದಪ್ಪಗೆ ಉಳಿಯಿತು. ಒಂದು ಪಕ್ಕ ಗೋಡೆಗೆ ಇಳಿದು, ಇನ್ನೊಂದು ಪಕ್ಕ ಮುಂದಕ್ಕೇ ನಿಂತು, ಕನ್ನಡಿ ಯಾರಿಗೂ ತಿಳಿಯದಂತೆ ಮೆಲ್ಲಮೆಲ್ಲನೆ ಓರೆಯಾಯಿತು. ಓರೆಯಾದ ಮೇಲೆ, ಅಂಚಿನಿಂದ ನಿಧಾನವಾಗಿ ಗಾಳಿ ಒಳಸೇರಿ, ಕಲ್ಲಿನ ಹಾಗೆ ಗಟ್ಟಿಯಾಯಿತು. ನಿಂತು ನೋಡುವವರಿಗೆ ಅದರಲ್ಲಿ ಏನೂ ವ್ಯತ್ಯಾಸವಿರಲಿಲ್ಲ. ದಿಂಬಿನ ಮೇಲಿಂದ ನೋಡುವವರಿಗೆ ಇತ್ತು.

ಒಂದು ಮಧ್ಯಾಹ್ನ ಹೊಲಿಗೆಯಕ್ಕ ಕಾಲು ಚಾಚಿ ಕೂತು, ಸಕ್ಕರೆ ಚಹಾ ಪಕ್ಕದಲ್ಲಿಟ್ಟುಕೊಂಡು, ಬಾಯಿ ಸೊಟ್ಟ ಮಾಡಿ ಅತ್ತೆಯನ್ನು ಅಣಕಿಸುತ್ತಿದ್ದಳು. ಠಣ್ ಎಂದು ಲೋಟ ಸದ್ದು ಮಾಡಿತು. ಬೇಕೆಂದೇ ಇನ್ನಷ್ಟು ಬಾಯಿ ಎಳೆದಳು. ಠಣ್ ಠಣ್ ಠಣ್. ಸದ್ದಿನಲ್ಲಿ ಏನೋ ಬೇರೆ ಇತ್ತು. ತಲೆಯೆತ್ತಿ ನೋಡಿದಳು. ಮಂಚದಾಚೆ, ಕಾಲ್ದೆಸೆಯ ಕನ್ನಡಿಯೊಳಗೆ, ಅತ್ತೆಯ ನೆಟ್ಟಗಿದ್ದ ಕಣ್ಣು ತೆರೆದಿತ್ತು. ಅದು ನೋಡುತ್ತಿದ್ದದ್ದು ತನ್ನ ಮುಖವನ್ನಲ್ಲ. ಹಿಂದಿನ ಬಾಗಿಲಿಲ್ಲದ ಅಡುಗೆಮನೆಯನ್ನು, ಮೆಷಿನ್ನನ್ನು, ಚಹಾವನ್ನು, ಸೊಟ್ಟ ಮಾಡಿಕೊಂಡ ಸೊಸೆಯ ಬಾಯಿಯನ್ನು.

"ಕುದುರೆ," ಎಂದಿತು ಮಂಚ.

ಹೊಲಿಗೆಯಕ್ಕ ಚಹಾದ ಲೋಟವನ್ನು ಸೆರಗಿನ ಹಿಂದೆ ಸರಿಸಿದಳು. ಬಾಯಿ ನೆಟ್ಟಗಾಗಲು ಸ್ವಲ್ಪ ಹೊತ್ತೇ ಹಿಡಿಯಿತು.

ಅತ್ತೆಗೆ ಮರುಜೀವ ಬಂತು. ಗಂಜಿ ಸೇರತೊಡಗಿತು. ಸೊಸೆ ಕೂತರೆ ಒಂದು ಬಡಿತ, ಬಾಯಿಗೇನಾದರೂ ಹಾಕಿಕೊಂಡರೆ ಎರಡು, ಗುನುಗಿದರೆ ನಿಲ್ಲಿಸುವ ತನಕ. ಮೊದಲು ಓಡಾಡಿಕೊಂಡು ಸೊಸೆಯನ್ನು ಕಾಯುತ್ತಿದ್ದಾಗ ಅತ್ತೆ ಆಗಾಗ ಹೊರಗಾದರೂ ಹೋಗುತ್ತಿದ್ದಳು, ನಿದ್ದೆ ಮಾಡುತ್ತಿದ್ದಳು. ಈಗ ಮಲಗಿದವಳಿಗೆ ಬೇರೆ ಕೆಲಸವೇ ಇರಲಿಲ್ಲ. ಹೊಲಿಗೆಯಕ್ಕ ಕನ್ನಡಿಗೆ ದುಪ್ಪಟಿ ಇಳಿಬಿಟ್ಟಳು. ಅತ್ತೆ ಬೀದಿಗೆಲ್ಲ ಕೇಳುವಂತೆ ಲೋಟ ಬಡಿದಳು, ಅನ್ನನೀರು ಬಿಟ್ಟಳು. ಗಂಡ ಬಂದು ದುಪ್ಪಟಿ ಎಳೆದುಹಾಕಿದ. ಅಡುಗೆಮನೆಗೆ ಪರದೆ ಕಟ್ಟಿದಳು. ಅದಕ್ಕೂ ಅದೇ ಗತಿಯಾಯಿತು.

"ಅವಳಿಗಿರೋ ಸುಖ ಅದೊಂದೇ ಕಣೇ," ಎಂದ ಗಂಡ. "ನಾನು ಮೊದ್ಲು ನಿನ್ನ ತಪ್ಪು ತಿಳ್ಕೊಂಡಿದ್ದೆ. ನಿನ್ನನ್ನೇ ನೋಡ್ತಾ ಇರ್ಬೇಕಂತೆ ಅಮ್ಮನಿಗೆ. ಎಷ್ಟು ಪ್ರೀತಿ ನೋಡು!"

ಎದುರುಮನೆಯಾಕೆ ಬಂದು ನೋಡಿ ಮೂಗಿನ ಮೇಲೆ ಬೆರಳಿಟ್ಟಳು. "ಹೊಟ್ಟೇಲಿ ಹುಟ್ಟಿದ ಮಗಳೂ ಇಷ್ಟು ಯೋಚನೆ ಮಾಡಲ್ಲಮ್ಮಾ," ಎಂದು ಹೊಗಳಿದಳು. ಹೊಲಿಗೆಯಕ್ಕ ತುಟಿ ಬಿಗಿಹಿಡಿದು ತಲೆಯಾಡಿಸಿದಳು. ತನ್ನ ಕಾಲ ಮೇಲೆ ತಾನೇ ಕಲ್ಲು ಹಾಕಿಕೊಂಡೆನೆಂದು ಯಾರ ಮುಂದೆ ಹೇಳುವುದು? ಹೇಳಬೇಕಾದರೆ ಕನ್ನಡಿ ಯಾಕೆ ಅಂಟಿಸಿದೆ ಎಂಬುದನ್ನೂ ಹೇಳಬೇಕಾಗುತ್ತಿತ್ತು.

ಚಹಾಕ್ಕೆ ಸಕ್ಕರೆ ನಿಂತಿತು. ನಿಂತುಕೊಂಡೇ ಉಣ್ಣುವುದು ಮತ್ತೆ ಶುರುವಾಯಿತು. ಮೆಷಿನ್ ಮುಂದೆ ಕೂತರೆ ಬೆನ್ನಿನಲ್ಲಿ ಆ ಕಣ್ಣು ಸೂಜಿಯ ಹಾಗೆ ಚುಚ್ಚುತ್ತಿತ್ತು. ಕಾಲರ್ ತಲೆಕೆಳಗಾಗಿ ಹೊಲಿದಳು, ಒಂದು ಪ್ಯಾಂಟಿನ ಎರಡು ಕಾಲಿಗೆ ಎರಡು ಉದ್ದ ಮಾಡಿ ಬಟ್ಟೆಯಂಗಡಿಯವರಿಂದ ಬೈಸಿಕೊಂಡಳು.

ಆ ದಿನ ಅದೇ ಪ್ಯಾಂಟನ್ನು ಸರಿ ಮಾಡಿ ಇಸ್ತ್ರಿ ಹಾಕುತ್ತಿದ್ದಳು. ಗಂಡ ಹೊರಬಾಗಿಲಲ್ಲಿ ಕೂತು ಬೂಟು ಬಿಚ್ಚುತ್ತಿದ್ದ. ಬೆಳಗಿನಿಂದ ಹೊಟ್ಟೆಗೇನೂ ಬಿದ್ದಿರಲಿಲ್ಲ, ಒಂದು ತುಂಡು ಬ್ರೆಡ್ಡು ಬಾಯಿಗಿಟ್ಟಳು. ಠಣ್ ಠಣ್. ಅಗಿಯುವುದನ್ನು ನಿಲ್ಲಿಸಿದಳು. ಸದ್ದು ನಿಂತಿತು. ಅಗಿದಳು. ಠಣ್ ಠಣ್. ಮುಂದಿನ ಕೋಣೆಗೆ ನುಗ್ಗಿ ಕೈಯಲ್ಲಿದ್ದ ಇಸ್ತ್ರಿಪೆಟ್ಟಿಗೆಯನ್ನು ಇದ್ದಬದ್ದ ಬಲವೆಲ್ಲ ಹಾಕಿ ಕನ್ನಡಿಗೆ ಎಸೆದಳು.

ಕೋಣೆಯೇ ನಡುಗಿತು. ಇಸ್ತ್ರಿಪೆಟ್ಟಿಗೆ ನೆಲಕ್ಕೆ ಬಿತ್ತು. ಕನ್ನಡಿ ಮೇಲಿಂದ ಕೆಳಗೆ ಬಿರುಕೊಡೆದು ನೂರು ಚೂರಾಯಿತು. ಆದರೆ ಒಂದು ಚೂರೂ ಕೆಳಗೆ ಬೀಳಲಿಲ್ಲ. ಸಟ್ಟುಗದಿಂದ ಮೂಲೆಮೂಲೆಗೂ ಬಳಿದ ಅಂಟು ಪ್ರತಿಯೊಂದನ್ನೂ ಅದರದರ ಜಾಗದಲ್ಲಿ ಕಚ್ಚಿ ಹಿಡಿದಿತ್ತು.

ಗಂಡ ಒಂದು ಬೂಟಿನಲ್ಲಿ ಓಡಿ ಬಂದ. "ಏನಾಯ್ತೇ?"

"ಕೈ ಜಾರ್ತು," ಎಂದಳು.

ಅವನು ಅಮ್ಮನನ್ನು ನೋಡಿದ, ಏನೂ ತಾಗಿರಲಿಲ್ಲ. ಕನ್ನಡಿಯ ಹತ್ತಿರ ಹೋಗಿ ಚೂರುಗಳನ್ನು ಹೆಬ್ಬೆರಳಿನಿಂದ ಒತ್ತಿ ಒತ್ತಿ ನೋಡಿದ. ಮೆಕ್ಯಾನಿಕ್‌ನ ಕಣ್ಣು ಅರಳಿತು. "ಪಿಟ್ ಅಂತಿಲ್ಲ ಕಣೇ! ಎಂಥ ಅಂಟೇ ಇದು? ಮೇಲೊಂದು ಪಾರದರ್ಶಕ ಟೇಪ್ ಹೊಡೆದ್ರೆ ಇನ್ನೂ ಹತ್ತು ವರ್ಷ ಬರುತ್ತೆ. ಅಮ್ಮನಿಗೂ ಬೇಜಾರಿರಲ್ಲ."

ಅತ್ತೆ ಮೊದಲು ಹೆದರಿ ಕಣ್ಣು ಮುಚ್ಚಿದ್ದಳು. ಈಗ ತೆರೆದಳು. ಆ ಒಂಟಿ ಕಣ್ಣು ಒಂದು ಚೂರಿನಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ನಿಧಾನವಾಗಿ ಹೋಯಿತು. ಎಲ್ಲ ಚೂರಿನಲ್ಲೂ ಅಡುಗೆಮನೆಯ ಹೊಸಿಲಿಗೆ ಹಿಂದೆ ಸರಿದು ನಿಂತಿದ್ದ ಸೊಸೆ, ಬಾಯಿ ತೆರೆದು ಏದುಸಿರು ಬಿಡುತ್ತಿದ್ದ ಸೊಸೆ, ಎಲ್ಲದರಲ್ಲೂ ಆ ಹಲ್ಲು. ಸೊಟ್ಟ ತುಟಿ ಅಲುಗಿತು. ಮಗ ಕಿವಿಗೊಟ್ಟು ಬಾಗಿದ.

"ಎಷ್ಟೊಂದು..." ಎಂದಳು ಅತ್ತೆ, ಉಸಿರು ಕೂಡಿಸಿಕೊಂಡಳು. "ಎಷ್ಟೊಂದು ಕುದುರೆ!"

"ಕೇಳಿದ್ಯೇನೇ?" ಮಗ ಕುಣಿದಾಡಿಬಿಟ್ಟ. "ಎರಡು ಮಾತು! ಒಟ್ಟಿಗೆ ಎರಡು ಮಾತಾಡಿದ್ಲು ಅಮ್ಮ! ಎಲ್ಲ ನಿನ್ನ ಪುಣ್ಯ ಕಣೇ!"

ಬಂಧುಗಳಿಗೆಲ್ಲ ಫೋನು ಮಾಡಲು ಅವನು ಹೊರಗೋಡಿದ. ಲೋಟ ಠಣ್ ಎಂದಿತು. ಹೊಲಿಗೆಯಕ್ಕ ಬಾಯಿ ಮುಚ್ಚಿಕೊಂಡು ಗಂಜಿ ಬಿಸಿ ಮಾಡಲು ಒಲೆ ಹಚ್ಚಿದಳು.